ವಿನಿಯರ್ ಹಚ್ಚುವುದು: ಸನ್‌ಮೈಕಾದ ಕೈ ಇಲ್ಲಿ ನಡೆಯುವುದಿಲ್ಲ

ಬಳ್ಳಾರಿ, ರಾಯಚೂರು ಕಡೆ ಕಾರ್ಪೆಂಟರ್ ಕೆಲಸ ಕಲಿಯುವವರ ಕೈ ಮೊದಲು ಪಳಗುವುದು ಸನ್‌ಮೈಕಾದಲ್ಲಿ. ರಬ್ಬರ್ ಅಂಟು ಎರಡೂ ಕಡೆ ಬಳಿ, ಒಣಗಿಸು, ತಟ್ಟಿ ಕೂರಿಸು, ಮುಗೀತು. ಅದೇ ರೂಢಿಯಲ್ಲಿ ವಿನಿಯರ್ ಹಚ್ಚಿದರೆ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಗುಳ್ಳೆ ಏಳುತ್ತದೆ, ಇಲ್ಲವೇ ಎಳೆಗುಂಟ, ಅಂದರೆ ಮರದ ನಾರು ಓಡುವ ದಿಕ್ಕಿಗೆ, ಕೂದಲಿನಂಥ ಬಿರುಕು ಕಾಣಿಸುತ್ತದೆ. ವಿನಿಯರ್ ಅಂದರೆ ಸುಮಾರು ಅರ್ಧ ಎಂಎಂ ದಪ್ಪದ ನಿಜವಾದ ಮರ. ತೇವ ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ, ಅದೂ ಎಳೆಗೆ ಅಡ್ಡಲಾಗಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಒಣ ಹವೆಯಲ್ಲಿ ಈ ಎಳೆದಾಟ ಇನ್ನೂ ಜೋರು.

ಅಂಗಡಿಯಲ್ಲಿ ವಿನಿಯರ್ ಕೇಳಿದರೆ ಸಾಮಾನ್ಯವಾಗಿ ಕೊಡುವುದು ಕಾರ್ಖಾನೆಯಲ್ಲೇ 4 ಎಂಎಂ ಪ್ಲೈ ಮೇಲೆ ಒತ್ತಿದ 8×4 ಅಡಿ ಶೀಟ್. ಬೀರು, ಬಾಗಿಲಿಗೆ ಅದೇ ವಾಸಿ. ಕೆಲಸ ಕಲಿಯಲು ಮಾತ್ರ ಬರಿ ಹಾಳೆ ಬೇಕು. ಮೊದಲ ತುಂಡಿಗೆ 12×18 ಇಂಚಿನ, 18 ಎಂಎಂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತೆಗೆದುಕೊಳ್ಳಿ. ಎಂಡಿಎಫ್‌ಗೆ ಎಳೆ ಇಲ್ಲ, ತಲೆನೋವು ಕಡಿಮೆ. ಪ್ಲೈವುಡ್ ಆದರೆ ಅದರ ಮೇಲ್ಪದರದ ಎಳೆಗೆ ವಿನಿಯರ್ ಎಳೆ ಅಡ್ಡ ಬರಬೇಕು. ಎರಡೂ ಒಂದೇ ದಿಕ್ಕಿಗಿದ್ದರೆ ಒಟ್ಟಿಗೆ ಕುಗ್ಗಿ ಬಿರುಕು ಬಿಡುತ್ತವೆ.

ಹಲಗೆಯ ಮೇಲೆ ಮೊಳೆ ತೂತು, ತಗ್ಗು, ಪುಟ್ಟಿಯ ಉಬ್ಬು ಏನಿದ್ದರೂ ವಿನಿಯರ್ ಅದನ್ನು ಎತ್ತಿ ತೋರಿಸುತ್ತದೆ. ನಮ್ಮ ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಮರದ ಗೊಂಬೆಗೆ ಹುಣಸೆಬೀಜದ ಅಂಟು, ಮರದ ಪುಡಿ ಕಲಸಿದ ಕಿಟ್ಟ ಮೆತ್ತಿ, ಬಟ್ಟೆ ಅಂಟಿಸಿ, ಆಮೇಲೆ ಬಣ್ಣ ಹಾಕುತ್ತಾರೆ; ಆ ಬಣ್ಣದಡಿ ಎಲ್ಲ ಮುಚ್ಚಿಹೋಗುತ್ತದೆ. ಇಲ್ಲಿ ಆ ಅನುಕೂಲ ಇಲ್ಲ.

ಹಾಳೆಯನ್ನು ತಂದ ದಿನವೇ ಬಳಸಬೇಡಿ. ಎರಡು ಸಪಾಟು ಹಲಗೆಗಳ ನಡುವೆ, ಕೆಲಸ ಮಾಡುವ ಕೋಣೆಯಲ್ಲೇ ಒಂದು ವಾರ ಇಡಿ. ಸುಕ್ಕುಗಟ್ಟಿದ್ದರೆ ನೀರಿಗೆ ಸ್ವಲ್ಪ ಗ್ಲಿಸರಿನ್ ಬೆರೆಸಿ ಸಿಂಪಡಿಸಿ, ಬಿಳಿ ಕಾಗದದ ನಡುವೆ ಒತ್ತಿಡಿ, ಕಾಗದ ತೇವವಾದಂತೆ ಬದಲಿಸಿ. ಕತ್ತರಿಸುವಾಗ ಸುತ್ತ ಅರ್ಧ ಇಂಚು ಹೆಚ್ಚು ಬಿಡಿ. ಸ್ಟೀಲ್ ಪಟ್ಟಿ ಇಟ್ಟು ಹೊಸ ಬ್ಲೇಡಿನಿಂದ ಮೂರು ನಾಲ್ಕು ಸಲ ಹಗುರವಾಗಿ ಎಳೆಯಿರಿ. ಒಂದೇ ಏಟಿಗೆ ಕೊಯ್ಯಲು ಹೋದರೆ ಬ್ಲೇಡು ಎಳೆಯ ಹಿಂದೆ ಓಡುತ್ತದೆ. ಎಳೆಗೆ ಅಡ್ಡ ಕೊಯ್ಯುವ ಜಾಗಕ್ಕೆ ಮೊದಲೇ ಮಾಸ್ಕಿಂಗ್ ಟೇಪ್ ಹಚ್ಚಿದರೆ ಅಂಚು ಸಿಡಿಯುವುದಿಲ್ಲ.

ಅಂಟಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಫೆವಿಕಾಲ್ ಎಸ್‌ಎಚ್‌ನಂಥ ಬಿಳಿ ಅಂಟು ಸಾಕು. ಚದರ ಮೀಟರಿಗೆ 150ರಿಂದ 200 ಗ್ರಾಂ ಲೆಕ್ಕ, ಅಂದರೆ ಈ ತುಂಡಿನ ಒಂದು ಬದಿಗೆ ಸುಮಾರು 25 ಗ್ರಾಂ. ಅದನ್ನು ಹಲಗೆಗೆ ಮಾತ್ರ ಬಳಿಯಿರಿ, ವಿನಿಯರಿಗೆ ಬೇಡ. ಬಳಿದರೆ ನೀರು ಕುಡಿದು ಸುರುಳಿ ಸುತ್ತುತ್ತದೆ. ಹೆಚ್ಚಾದರೆ ತೆಳು ಹಾಳೆಯ ರಂಧ್ರಗಳಿಂದ ಮೇಲಕ್ಕೆ ಜಿನುಗಿ, ಪಾಲಿಶ್ ಹಿಡಿಯದ ಮಚ್ಚೆ ಉಳಿಯುತ್ತದೆ. ಕಡಿಮೆಯಾದರೆ ಗುಳ್ಳೆ. ಬೇಸಿಗೆಯಲ್ಲಿ ಫ್ಯಾನ್ ಹಾಕಿಕೊಂಡು ಅಂಟು ಬಳಿದರೆ ಹಾಳೆ ಇಡುವ ಮೊದಲೇ ಮೇಲೆ ಪೊರೆ ಕಟ್ಟುತ್ತದೆ. ಒತ್ತಿದರೂ ಆ ಪೊರೆ ಹಿಡಿಯದು. ಆದ್ದರಿಂದ ಈ ಕೆಲಸ ಬೆಳಿಗ್ಗೆ ತಂಪು ಹೊತ್ತಿನಲ್ಲಿ, ಫ್ಯಾನ್ ಆರಿಸಿ, ಕ್ಲ್ಯಾಂಪ್ ಎಲ್ಲ ಮೊದಲೇ ಬಿಚ್ಚಿ ಜೋಡಿಸಿಟ್ಟುಕೊಂಡೇ ಶುರುಮಾಡಬೇಕು. ತೇಗ ಎಣ್ಣೆಮರ, ಅದರ ಅಂಟು ಬದಿಯನ್ನು ಹಚ್ಚುವ ಸ್ವಲ್ಪ ಮೊದಲು ಅಸಿಟೋನ್ ಬಟ್ಟೆಯಿಂದ ಒರೆಸಿ.

ಹಾಳೆ ಇಟ್ಟ ಮೇಲೆ ಪ್ಲಾಸ್ಟಿಕ್, ಅದರ ಮೇಲೆ 18 ಎಂಎಂ ಪ್ಲೈ ತುಂಡು, ಐದಾರು ಇಂಚಿಗೊಂದು ಕ್ಲ್ಯಾಂಪ್. ನಡುವಿನಿಂದ ಅಂಚಿಗೆ ಬಿಗಿಯುತ್ತ ಬನ್ನಿ, ಗಾಳಿ ಹೊರಹೋಗುತ್ತದೆ. ಒಂದು ರಾತ್ರಿ ಹಾಗೇ ಬಿಡಿ. ಹಿಂಬದಿಗೂ ಅದೇ ದಪ್ಪದ ಅಗ್ಗದ ವಿನಿಯರನ್ನು ಅದೇ ಹೊತ್ತಿಗೆ ಹಚ್ಚಿ ಒಟ್ಟಿಗೇ ಬಿಗಿಯಲೇಬೇಕು. ಒಂದೇ ಬದಿಗೆ ಹಚ್ಚಿದರೆ ಒಣಗುತ್ತ ಆ ಬದಿಗೆ ಹಲಗೆ ಬಾಗುತ್ತದೆ, ಆಮೇಲೆ ಯಾವ ಕ್ಲ್ಯಾಂಪಿಗೂ ನೆಟ್ಟಗಾಗುವುದಿಲ್ಲ. ಗಿರಾಕಿ ಹಿಂಬದಿಯ ಖರ್ಚು ಉಳಿಸಿ ಅಂದರೂ ಒಪ್ಪಬೇಡಿ.

ಕ್ಲ್ಯಾಂಪ್ ಸಾಲದವರು ಇಸ್ತ್ರಿ ಪೆಟ್ಟಿಗೆ ಬಳಸಬಹುದು. ಆಗ ಮಾತ್ರ ಎರಡೂ ಕಡೆ ತೆಳುವಾಗಿ ಬಿಳಿ ಅಂಟು ಬಳಿದು, ಅದು ಪಾರದರ್ಶಕವಾಗುವ ತನಕ ಒಣಗಿಸಿ, ಹತ್ತಿ ಬಟ್ಟೆ ಹಾಕಿ ಮಧ್ಯಮ ಶಾಖದಲ್ಲಿ ನಿಧಾನವಾಗಿ ತಿಕ್ಕಿ, ಹಿಂದೆಯೇ ಮರದ ತುಂಡಿನಿಂದ ಒತ್ತುತ್ತ ಹೋಗಿ. ಬಿಸಿಗೆ ಹಾಳೆ ಕುಗ್ಗುವುದರಿಂದ ಜೋಡುವ ಕಡೆ ಸಂದು ಬಿಡುತ್ತದೆ. ಜೋಡು ಇರುವ ಕೆಲಸಕ್ಕೆ ಈ ದಾರಿ ಬೇಡ.

ಮಾರನೆ ದಿನ ಉಗುರಿನಿಂದ ಮೇಲೆಲ್ಲ ಮೆಲ್ಲಗೆ ತಟ್ಟಿ ನೋಡಿ. ಅಂಟಿದಲ್ಲಿ ಗಟ್ಟಿ ಸದ್ದು, ಗುಳ್ಳೆ ಇರುವಲ್ಲಿ ಪೊಳ್ಳು ಸದ್ದು. ಪೊಳ್ಳು ಸಿಕ್ಕರೆ ಎಳೆಗುಂಟ ಬ್ಲೇಡಿನಿಂದ ಸಣ್ಣ ಸೀಳು ಹಾಕಿ, ಔಷಧದಂಗಡಿಯ ಸಿರಿಂಜಿನಿಂದ ಅಂಟು ತುಂಬಿ, ಹೊರಬಂದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪ್ಲಾಸ್ಟಿಕ್ ಮತ್ತು ಹಲಗೆ ಇಟ್ಟು ಮತ್ತೆ ಬಿಗಿಯಿರಿ. ತೇವವಿರುವಾಗ ಕಬ್ಬಿಣ ತಾಗದಿರಲಿ. ತೇಗ, ಓಕ್‌ಗಳಲ್ಲಿ ಕರಿ ಕಲೆ ಬಿದ್ದರೆ ತೆಗೆಯುವುದು ಕಷ್ಟ.

ಸ್ಯಾಂಡಿಂಗ್ ಕೈಯಿಂದಲೇ, ಮರದ ತುಂಡಿಗೆ ಉಜ್ಜುಕಾಗದ ಸುತ್ತಿ: 180 ನಂಬರ್, ಆಮೇಲೆ 240, ಕೊನೆಗೆ 320. ಮೊದಲು ಪೆನ್ಸಿಲ್‌ನಿಂದ ಗೀಚಿ, ಗೀಟು ಅಳಿದ ಕೂಡಲೇ ನಿಲ್ಲಿಸಿ. ಬೆಲ್ಟ್ ಸ್ಯಾಂಡರ್ ಅರ್ಧ ಎಂಎಂ ಅನ್ನು ಕಣ್ಣೆವೆ ಮುಚ್ಚುವಷ್ಟರಲ್ಲಿ ತಿಂದುಹಾಕುತ್ತದೆ. ಮೊದಲು ಹೋಗುವುದು ಅಂಚು. ಆಮೇಲೆ ಸೀಲರ್ (ರಂಧ್ರ ಮುಚ್ಚುವ ಮೊದಲ ಕೋಟ್), ಅದರ ಮೇಲೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಪಾಲಿಶ್. ರಬ್ಬರ್ ಅಂಟಿನಿಂದ ಹಚ್ಚಿದ್ದಕ್ಕೆ ಥಿನ್ನರ್ ಇರುವ ಪಾಲಿಶ್ ಹೊಡೆದರೆ ಥಿನ್ನರ್ ಎಳೆಗಳ ನಡುವಿಂದ ಇಳಿದು ಅಂಟನ್ನೇ ಮೆತ್ತಗೆ ಮಾಡುತ್ತದೆ, ಗುಳ್ಳೆ ಆಗ ಏಳುತ್ತದೆ. ಪಾಲಿಶ್‌ನವನು ಬೇರೆ ಇದ್ದರೆ ಯಾವ ಅಂಟು ಹಾಕಿದ್ದೀರಿ ಎಂದು ಅವನಿಗೆ ಮೊದಲೇ ಹೇಳಿಬಿಡಿ.