ಆಲ್ಫ್ರಿಸ್ಟನ್‌ನ ಪಾದ್ರಿ ಮನೆ: ನೋಡಹೋಗುವವರಿಗೆ ಕೆಲವು ಮಾತು

ಇಂಗ್ಲೆಂಡಿನ ಪೂರ್ವ ಸಸೆಕ್ಸ್‌ನಲ್ಲಿರುವ ಆಲ್ಫ್ರಿಸ್ಟನ್ ಹಳ್ಳಿಗೆ ಲಂಡನ್ನಿನಿಂದ ಹೊರಡುವವರು ವಿಕ್ಟೋರಿಯಾ ನಿಲ್ದಾಣದಲ್ಲಿ ರೈಲು ಹತ್ತಿ, ಲೂಯಿಸ್‌ನಲ್ಲಿ ಬದಲಾಯಿಸಿ, ಬೆರಿಕ್‌ನಲ್ಲಿ ಇಳಿಯಬೇಕು. ಸ್ಕಾಟ್ಲೆಂಡಿನ ಗಡಿಯ ಬಳಿಯೂ ಬೆರಿಕ್ ಎಂಬ ಊರಿರುವುದರಿಂದ ಟಿಕೆಟ್ ಕೊಳ್ಳುವಾಗ ಸಸೆಕ್ಸ್‌ನದೇ ಎಂದು ಖಚಿತಪಡಿಸಿಕೊಳ್ಳಿ. ಅಲ್ಲಿಂದ ಹಳ್ಳಿ ಸುಮಾರು 5 ಕಿ.ಮೀ. ದೂರ, ನಾನು ನಡೆದೇ ಹೋದೆ.

ಸಂತ ಆಂಡ್ರೂ ಚರ್ಚಿನ ಪಕ್ಕದಲ್ಲಿ, ಕಕ್‌ಮಿಯರ್ ನದಿಯ ಬದಿಗೆ, ಹುಲ್ಲು ಹೊದಿಸಿದ ಈ 14ನೇ ಶತಮಾನದ ಮನೆ ಇದೆ. ಬೀಳುವ ಸ್ಥಿತಿಯಲ್ಲಿದ್ದ ಇದನ್ನು, ಹಳೆಯ ಕಟ್ಟಡಗಳನ್ನೂ ನಿಸರ್ಗತಾಣಗಳನ್ನೂ ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ 1896ರಲ್ಲಿ 10 ಪೌಂಡಿಗೆ ಕೊಂಡಿತು. ಅದು ಆ ಸಂಸ್ಥೆ ಕೊಂಡ ಮೊದಲ ಕಟ್ಟಡ.

ಒಳಗೆ ಹೋಗುವ ಆತುರ ಬೇಡ. ಮೊದಲು ಎದುರಿನ ಹುಲ್ಲುಹಾಸಿನಲ್ಲಿ ನಿಂತು ಸೂರಿನ ಅಂಚನ್ನು ಗಮನಿಸಿ. ಇದು ‘ವೀಲ್ಡನ್’ ಬಗೆಯ ಮನೆ: ಎರಡೂ ತುದಿಗಳಲ್ಲಿ ಮಹಡಿ ಇದ್ದು, ಅದು ಕೆಳಗಿನ ಗೋಡೆಗಿಂತ ಮುಂದಕ್ಕೆ ಚಾಚಿಕೊಳ್ಳುತ್ತದೆ, ನಡುವಿನ ಪಡಸಾಲೆಗೆ ಮಹಡಿಯಿಲ್ಲದ ಕಾರಣ ಅದರ ಗೋಡೆ ಹಿಂದೆಯೇ ಉಳಿಯುತ್ತದೆ, ಆದರೆ ಮೂರಕ್ಕೂ ಮಾಡು ಒಂದೇ ಆದುದರಿಂದ, ನಡುವೆ ಮುಂದಕ್ಕೆ ಬಂದ ಸೂರನ್ನು ಬಾಗಿದ ಮರದ ಆಸರೆಗಳು ಹೊತ್ತಿವೆ. ಇಷ್ಟನ್ನು ಹೊರಗೇ ತಿಳಿದುಕೊಂಡರೆ ಒಳಗಿನ ವಿನ್ಯಾಸ ತಾನಾಗಿ ಅರ್ಥವಾಗುತ್ತದೆ.

ಪಡಸಾಲೆಯಲ್ಲಿ ತಲೆಯೆತ್ತಿದರೆ ದೃಷ್ಟಿ ನೇರವಾಗಿ ಮಾಡಿನವರೆಗೆ ಹೋಗುತ್ತದೆ. ಇಂಥ ಮನೆಗಳಲ್ಲಿ ಬೆಂಕಿ ನೆಲದ ನಡುವೆಯೇ ಉರಿಯುತ್ತಿತ್ತು; ಹೊಗೆಗೊಳವೆ ಬಂದದ್ದು ಬಹಳ ನಂತರ. ಹೊಗೆ ಮೇಲೇರಿ ಮಾಡಿನಿಂದಲೇ ಹೊರಹೋಗಬೇಕಿದ್ದರಿಂದ ಅಲ್ಲಿ ಮಹಡಿ ಕಟ್ಟುವಂತಿರಲಿಲ್ಲ. ಅಡ್ಡತೊಲೆಯ ಮೂಲೆಯೊಂದರಲ್ಲಿ ಕೆತ್ತಿರುವ ಓಕ್ ಎಲೆಯನ್ನು ಹುಡುಕಿ ನೋಡಿ. ಟ್ರಸ್ಟಿನ ಲಾಂಛನಕ್ಕೆ ಅದೇ ಪ್ರೇರಣೆ ಎಂದು ಹೇಳುವವರಿದ್ದಾರೆ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ನೆಲ. ಸುತ್ತಲಿನ ಗುಡ್ಡಗಳೆಲ್ಲ ಸೀಮೆಸುಣ್ಣದವು. ಆ ಕಲ್ಲನ್ನೇ ಕುಟ್ಟಿ ಹಾಸಿ, ಹುಳಿಹಾಲಿನಿಂದ ಗಟ್ಟಿಗೊಳಿಸಿದ್ದಾರೆ. ಸಗಣಿ ಸಾರಿಸಿದ ನೆಲದ ಮೇಲೆ ಬೆಳೆದ ನನಗೆ, ಕೈಗೆಟಕುವ ವಸ್ತುವಿನಿಂದಲೇ ನೆಲ ಮಾಡಿಕೊಂಡ ಈ ಜಾಣ್ಮೆ ಬಹಳ ಆಪ್ತವೆನಿಸಿತು. ಚೂಪು ಹಿಮ್ಮಡಿಯ ಪಾದರಕ್ಷೆ ಇಂಥ ನೆಲವನ್ನು ಕೆಡಿಸುತ್ತದೆ, ಧರಿಸಬೇಡಿ. ಮನೆ ವರ್ಷವಿಡೀ ತೆರೆದಿರುವುದೆಂದು ಭಾವಿಸದೆ, ಹೊರಡುವ ಮುನ್ನ ದಿನ ಮತ್ತು ವೇಳೆಯನ್ನು ವಿಚಾರಿಸಿಕೊಳ್ಳಿ. ಹಿಂದಿರುಗುವಾಗ ಪಕ್ಕದ ಚರ್ಚಿನ ಚಕಮಕಿ ಕಲ್ಲಿನ ಗೋಡೆಗಳಿಗೂ ಅರ್ಧ ಗಂಟೆ ಉಳಿಸಿಕೊಳ್ಳಿ.