ಮೇನ್ ಶುರುವಾಗುವ ಮೊದಲೇ ಖರ್ಚಾಗುವ ಸಮಯ

ನಮ್ಮ ತಂಡದಲ್ಲಿ ಒಂದು ಸಣ್ಣ ಸಿ++ ಟೂಲ್ ಇದೆ. ಬಿಲ್ಡ್ ನಡೆಯುವಾಗ ಅದು ಸಾವಿರಾರು ಸಲ ಶುರುವಾಗಿ ತಕ್ಷಣ ಮುಗಿಯುತ್ತದೆ. ಅದು ನಿಧಾನ ಅಂತ ದೂರು ಬಂತು. ಅಳೆದು ನೋಡಿದರೆ ನಮ್ಮ ಕೋಡ್ ತೆಗೆದುಕೊಳ್ಳುತ್ತಿದ್ದ ಸಮಯ ತೀರಾ ಕಡಿಮೆ. ಉಳಿದದ್ದೆಲ್ಲ ಡೈನಾಮಿಕ್ ಲಿಂಕರ್‌ನ ಪಾಲು. ನಮ್ಮ ಕೋಡ್ ಶುರುವಾಗುವ ಮೇನ್ ಫಂಕ್ಷನ್ ಓಡುವ ಮೊದಲೇ ಬೇಕಾದ ಲೈಬ್ರರಿಗಳನ್ನು ಪ್ರೋಗ್ರಾಂಗೆ ಜೋಡಿಸುವುದು ಅದರ ಕೆಲಸ. ಲಿನಕ್ಸ್‌ನಲ್ಲಿ ಎಲ್‌ಡಿ_ಡೀಬಗ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಸ್ಟ್ಯಾಟಿಸ್ಟಿಕ್ಸ್ ಅಂತ ಕೊಟ್ಟರೆ ಈ ಲೆಕ್ಕ ನೇರವಾಗಿ ಸಿಗುತ್ತದೆ.

ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಶೇರ್ಡ್ ಲೈಬ್ರರಿ ನಿಧಾನ ಎಂದಾಗ ಹೆಚ್ಚಿನವರು ಫಂಕ್ಷನ್ ಕಾಲ್‌ಗಳನ್ನೇ ದೂರುತ್ತಾರೆ. ಪಿಎಲ್‌ಟಿ ಎಂಬ ಜಂಪ್ ಪಟ್ಟಿಯ ಮೂಲಕ ಒಂದು ಜಂಪ್ ಜಾಸ್ತಿ ಆಗುವುದು ನಿಜ. ಆದರೆ 64 ಬಿಟ್ ಪ್ರೊಸೆಸರ್‌ಗಳಲ್ಲಿ ಆ ಖರ್ಚು ಸಣ್ಣದು.

ನಮಗೆ ಹೊರೆಯಾಗಿದ್ದು ರಿಲೊಕೇಶನ್, ಅಂದರೆ ಸರಿಯಾದ ವಿಳಾಸಗಳನ್ನು ಹುಡುಕಿ ತುಂಬುವ ಕೆಲಸ. ಲಿಂಕರ್ ಒಂದೊಂದು ಸಿಂಬಲ್‌ನ (ಫಂಕ್ಷನ್ ಅಥವಾ ವೇರಿಯಬಲ್‌ನ) ಹೆಸರು ಹಿಡಿದು ಲೈಬ್ರರಿಗಳನ್ನು ಸಾಲಾಗಿ ಹುಡುಕುತ್ತದೆ. ಲೈಬ್ರರಿ ಹೆಚ್ಚಿದಷ್ಟೂ ಹುಡುಕಾಟ ಜಾಸ್ತಿ. ಸಿಕ್ಕ ವಿಳಾಸವನ್ನು ಮೆಮೊರಿಯಲ್ಲಿ ಬರೆದ ಕೂಡಲೇ ಆ 4 ಕೆಬಿ ಪೇಜ್ ಆ ಪ್ರೋಗ್ರಾಂನ ಸ್ವಂತ ಪ್ರತಿಯಾಗುತ್ತದೆ. ಹಂಚಿಕೊಳ್ಳುವುದಕ್ಕೆಂದೇ ಮಾಡಿದ ಲೈಬ್ರರಿಯಲ್ಲಿ ಅಷ್ಟು ಭಾಗ ಹಂಚಿಕೆಯಿಂದ ಹೊರಗೆ ಹೋದ ಹಾಗೆ, ಅಲ್ವಾ? ಫಂಕ್ಷನ್ ವಿಳಾಸಗಳನ್ನು ಬೇಕಾದಾಗ ಮಾತ್ರ ಹುಡುಕುವ ಲೇಜಿ ಬೈಂಡಿಂಗ್ ಇದೆ. ಆದರೆ ಸುರಕ್ಷತೆಗಾಗಿ ಫುಲ್ ರೆಲ್ರೋ (ವಿಳಾಸಗಳ ಪಟ್ಟಿಯನ್ನು ಆಮೇಲೆ ಬದಲಿಸಲಾಗದಂತೆ ಮಾಡುವ ಆಯ್ಕೆ) ಹಾಕಿದರೆ ಎಲ್ಲವನ್ನೂ ಶುರುವಿನಲ್ಲೇ ಹುಡುಕಬೇಕು.

ಎಲ್ಲವನ್ನೂ ಸ್ಟ್ಯಾಟಿಕ್ ಮಾಡೋಣ, ಅಂದರೆ ಲೈಬ್ರರಿಗಳನ್ನು ಪ್ರೋಗ್ರಾಂನೊಳಗೇ ಸೇರಿಸಿಬಿಡೋಣ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ಎನ್‌ಕ್ರಿಪ್ಶನ್ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಸಿಕ್ಕ 2014ರ ಸುರಕ್ಷತಾ ದೋಷ ಹಾರ್ಟ್‌ಬ್ಲೀಡ್ ನೆನಪಿಸಿಕೊಳ್ಳಿ. ಓಪನ್‌ಎಸ್‌ಎಸ್‌ಎಲ್ ಅನ್ನು ಶೇರ್ಡ್ ಆಗಿ ಬಳಸುತ್ತಿದ್ದ ಕಡೆ ಲೈಬ್ರರಿ ಬದಲಿಸಿ ಸರ್ವಿಸ್‌ಗಳನ್ನು ರೀಸ್ಟಾರ್ಟ್ ಮಾಡಿದರೆ ಸಾಕಿತ್ತು. ಒಳಗೇ ಸೇರಿಸಿಕೊಂಡಿದ್ದ ಪ್ರೋಗ್ರಾಂಗಳನ್ನು ಒಂದೊಂದಾಗಿ ಮತ್ತೆ ಬಿಲ್ಡ್ ಮಾಡಬೇಕಿತ್ತು.

ಹಾಗಾಗಿ ಮೊದಲು ಸುಮ್ನೆ ಲಿಂಕ್ ಆಗಿದ್ದ ಲೈಬ್ರರಿಗಳನ್ನು ತೆಗೆದೆವು. ಆಮೇಲೆ ನಮ್ಮ ಲೈಬ್ರರಿಗಳಲ್ಲಿ ಹೊರಗೆ ಕಾಣಬೇಕಾದ ಸಿಂಬಲ್‌ಗಳನ್ನಷ್ಟೇ ಬಿಟ್ಟು ಉಳಿದವನ್ನು ಹಿಡನ್ ಮಾಡಿದೆವು. ಇದರಲ್ಲಿ ಇನ್ನೊಂದು ಲಾಭವೂ ಇದೆ. ಹೊರಗೆ ಕಾಣುವ ಫಂಕ್ಷನ್ ಅನ್ನು ಬೇರೆ ಲೈಬ್ರರಿ ಬದಲಿಸಬಹುದು. ಅದಕ್ಕಾಗಿ ಜಿಸಿಸಿ ಕಂಪೈಲರ್ ಅದನ್ನು ಅದರದೇ ಲೈಬ್ರರಿಯೊಳಗೂ ಇನ್‌ಲೈನ್ ಮಾಡಲು (ಕರೆದ ಜಾಗದಲ್ಲೇ ಅದರ ಕೋಡ್ ಸೇರಿಸಲು) ಹಿಂಜರಿಯುತ್ತದೆ. ಫೆಡೋರಾ 32ರಲ್ಲಿ ಪೈಥಾನ್ 3.8ಕ್ಕೆ ಆ ಬದಲಿಸುವ ಅವಕಾಶವನ್ನು ಕಂಪೈಲರ್ ಆಯ್ಕೆಯಿಂದ ಕೈಬಿಟ್ಟಾಗ, ಕೆಲಸವನ್ನು ಅವಲಂಬಿಸಿ ಶೇಕಡಾ 5ರಿಂದ 27ರಷ್ಟು ವೇಗ ಸಿಕ್ಕಿತು. ಕೋಡ್‌ನ ಒಂದು ಸಾಲೂ ಬದಲಾಗಿರಲಿಲ್ಲ!

ಟೂಲ್ ಈಗ ಚುರುಕಾಗಿದೆ. ಅದೇ ಲೈಬ್ರರಿಗಳನ್ನು ಬಳಸುವ ಸರ್ವರ್‌ಗೆ ಈ ಬದಲಾವಣೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಅದು ವಾರಗಟ್ಟಲೆ ಓಡುತ್ತದೆ, ಶುರುವಿನ ಖರ್ಚು ಅದಕ್ಕೆ ಒಂದೇ ಸಲ.