‘ಯಾವ ಕ್ಯಾಮೆರಾ ಒಳ್ಳೆಯದು?’ ಎಂದು ಕೇಳುವವರಿಗೆ

ಪ್ರಶ್ನೆ ಯಾವಾಗಲೂ ಇಷ್ಟೇ: ‘ಯಾವ ಕ್ಯಾಮೆರಾ ಒಳ್ಳೆಯದು?’ ಕಾಡಿನ ದಾರಿಯಲ್ಲಿ ಮರಕ್ಕೆ ಕಟ್ಟಿ ಬರುವ, ಪ್ರಾಣಿ ಎದುರು ಹಾದಾಗ ತಾನೇ ಚಿತ್ರ ತೆಗೆದುಕೊಳ್ಳುವ ಕ್ಯಾಮೆರಾದ ಬಗ್ಗೆ. ಮಾರುವವರು ಟ್ರೇಲ್ ಕ್ಯಾಮೆರಾ ಎನ್ನುತ್ತಾರೆ, ಸಂಶೋಧಕರು ಕ್ಯಾಮೆರಾ ಟ್ರ್ಯಾಪ್ ಎನ್ನುತ್ತಾರೆ. ನಾನು ಹನ್ನೊಂದು ವರ್ಷಗಳಿಂದ ಇವನ್ನು ಕಟ್ಟುತ್ತಾ ಬಿಚ್ಚುತ್ತಾ ಇದ್ದೇನೆ. ಅಷ್ಟೂ ವರ್ಷ ಕೇಳಿದವರಿಗೆಲ್ಲ ನಿಂತಲ್ಲೇ ವಿವರಿಸಿದ್ದೇನೆ. ಫೋನಿನಲ್ಲಿ, ಬಸ್ಸಿನಲ್ಲಿ, ಒಮ್ಮೆ ಆಸ್ಪತ್ರೆಯ ಸರದಿ ಸಾಲಿನಲ್ಲಿ. ಮುಕ್ಕಾಲು ಗಂಟೆ ಕೇಳಿಸಿಕೊಂಡವರು ಕೊನೆಗೆ, ‘ಅದೆಲ್ಲ ಸರಿ, ಒಂದು ಮಾದರಿಯ ಹೆಸರು ಹೇಳಿ ಸಾಕು’ ಎನ್ನುತ್ತಾರೆ. ಇನ್ನು ಬಾಯಲ್ಲಿ ಹೇಳುವುದಿಲ್ಲ. ಇಲ್ಲಿ ಬರೆದಿದ್ದೇನೆ, ಓದಿಕೊಳ್ಳಿ.

ಮೊದಲು ನನ್ನ ತಕರಾರು. ‘ಒಳ್ಳೆಯದು’ ಎಂದರೆ ಯಾವುದಕ್ಕೆ ಒಳ್ಳೆಯದು? ತೋಟಕ್ಕೆ ರಾತ್ರಿ ಬಂದು ಹೋಗುವುದು ಹಂದಿಯೋ ಮುಳ್ಳುಹಂದಿಯೋ ಎಂದು ತಿಳಿಯಬೇಕಾದವರಿಗೆ ಬೇಕಾದ ಕ್ಯಾಮೆರಾ ಒಂದು. ಒಂದು ಹುಲಿಯನ್ನು ಇನ್ನೊಂದರಿಂದ ಬೇರ್ಪಡಿಸಿ ಎಣಿಸಬೇಕಾದವರಿಗೆ ಬೇಕಾದದ್ದೇ ಬೇರೆ. ಹುಲಿಯ ಎಡಮೈಯ ಪಟ್ಟೆಗಳು ಬಲಮೈಯಲ್ಲಿ ಇರುವುದಿಲ್ಲ. ಆದ್ದರಿಂದ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಬೇಕು, ಓಡುವ ಮೈಯ ಪಟ್ಟೆ ಕಲಸಿಹೋಗದಂತೆ ಹಿಡಿಯುವ ಫ್ಲ್ಯಾಶ್ ಬೇಕು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿಗಳನ್ನು ಹೀಗೆ ಪಟ್ಟೆಯಿಂದ ಗುರುತಿಸಿ, ಒಮ್ಮೆ ಸಿಕ್ಕದ್ದು ಮತ್ತೆ ಎಷ್ಟು ಸಲ ಸಿಕ್ಕಿತು ಎಂಬ ಲೆಕ್ಕದಿಂದ ಸಂಖ್ಯೆಯನ್ನು ಅಂದಾಜಿಸುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ಆಗ ಕ್ಯಾಮೆರಾದೊಳಗೆ ಇದ್ದದ್ದು ಫಿಲ್ಮ್ ಸುರುಳಿ. ಅವರ ಕೈಯಲ್ಲಿ ಮೆಗಾಪಿಕ್ಸೆಲ್ ಎಂಬುದೇ ಇರಲಿಲ್ಲ. ಏನು ಕೇಳಬೇಕು ಎಂಬುದು ಸ್ಪಷ್ಟವಾಗಿತ್ತು, ಉಪಕರಣ ಆಮೇಲೆ ಬಂತು.

ಮೆಗಾಪಿಕ್ಸೆಲ್ ಎಂದೆನಲ್ಲ, ಅದು ಎಲ್ಲರ ಎರಡನೆಯ ಪ್ರಶ್ನೆ. ಒಬ್ಬ ಪರಿಚಿತರು ಫೋನ್ ಮಾಡಿದ್ದರು. ‘ಸರ್, 48 ಮೆಗಾಪಿಕ್ಸೆಲ್ಲಿನದು ತಂದು ಕಟ್ಟಿದೆ. ಒಂದು ವಾರದಲ್ಲಿ 3,800 ಚಿತ್ರ ಬಂದಿವೆ. ಒಂದರಲ್ಲೂ ಪ್ರಾಣಿಯಿಲ್ಲ. ಕ್ಯಾಮೆರಾ ಕೆಟ್ಟಿದೆಯೇ?’ ಎಂದರು. ಧ್ವನಿಯಲ್ಲಿ ನಿಜವಾದ ಸಂಕಟವಿತ್ತು. ಅವರ ಮನೆಗೆ ಹೋದೆ. ಇಬ್ಬರೂ ಕುಳಿತು ಒಂದೊಂದಾಗಿ ನೋಡಿದೆವು. ಜರಿಗಿಡದ ಎಲೆ. ಮತ್ತೆ ಜರಿಗಿಡದ ಎಲೆ. ಎಡಕ್ಕೆ ಬಾಗಿದ ಎಲೆ, ಬಲಕ್ಕೆ ಬಾಗಿದ ಎಲೆ. ಕ್ಯಾಮೆರಾ ನೆಟ್ಟಗೆ ಪಶ್ಚಿಮಕ್ಕೆ ಮುಖ ಮಾಡಿತ್ತು. ಇಳಿಬಿಸಿಲು ಬಿದ್ದ ಹೊತ್ತಿನಲ್ಲಿ ಮಾತ್ರ ನೂರಾರು ಚಿತ್ರ. ಗಡಿಯಾರ ಹೊಂದಿಸಿರಲಿಲ್ಲವಾದ್ದರಿಂದ ಚಿತ್ರದ ಕೆಳಗಿನ ಪಟ್ಟಿಯ ಪ್ರಕಾರ ಸೂರ್ಯ ಬೆಳಿಗ್ಗೆ 10 ಗಂಟೆಗೆ ಮುಳುಗುತ್ತಿದ್ದ. ಎರಡು ಸಾವಿರ ದಾಟಿದ ಮೇಲೆ, ಒಂದು ಕಪ್ಪುಬಿಳುಪು ರಾತ್ರಿ ಚಿತ್ರದ ಬಲ ಅಂಚಿನಲ್ಲಿ, ಉಂಗುರ ಉಂಗುರವಾದ ಒಂದು ಬಾಲ. ಪುನುಗು ಬೆಕ್ಕು. ಅದು ಎಷ್ಟು ಗಂಟೆಗೆ ಬಂತು, ಯಾವ ದಿನ ಬಂತು, ಖಚಿತವಾಗಿ ಹೇಳುವಂತಿರಲಿಲ್ಲ. ಆದರೂ ಅವರು ಆ ಬಾಲವನ್ನು ಬಹಳ ಹೊತ್ತು ನೋಡುತ್ತಾ ಕುಳಿತರು, ನಾನೂ ನೋಡಿದೆ.

ಕ್ಯಾಮೆರಾ ಕೆಟ್ಟಿರಲಿಲ್ಲ. ಅದು ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು. ಇದರೊಳಗಿನ ಸೆನ್ಸರ್ ಪ್ರಾಣಿಯನ್ನು ಗುರುತಿಸುವುದಿಲ್ಲ. ತನ್ನ ಮುಂದಿನ ಜಾಗವನ್ನು ಹಲವು ಪಟ್ಟಿಗಳಾಗಿ ಸೀಳಿಕೊಂಡು, ಪಟ್ಟಿಯಿಂದ ಪಟ್ಟಿಗೆ ಶಾಖದಲ್ಲಿ ಏರುಪೇರಾಯಿತೇ ಎಂದಷ್ಟೇ ಗಮನಿಸುತ್ತದೆ. ಬಿಸಿಲಿಗೆ ಕಾದ ಎಲೆ ಗಾಳಿಗೆ ತೂಗಿದರೆ ಅದಕ್ಕೆ ಅದೂ ಒಂದು ಪ್ರಾಣಿ. ಮಟಮಟ ಮಧ್ಯಾಹ್ನ ನೆಲದ ಬಿಸಿ ಪ್ರಾಣಿಯ ಮೈಬಿಸಿಗೆ ಸಮನಾದಾಗ ಎದುರೇ ಹಾದುಹೋದ ಪ್ರಾಣಿ ಅದಕ್ಕೆ ಕಾಣುವುದಿಲ್ಲ. ನೇರವಾಗಿ ಕ್ಯಾಮೆರಾದ ಕಡೆಗೇ ನಡೆದು ಬರುವ ಪ್ರಾಣಿ ತಡವಾಗಿ ಸಿಗುತ್ತದೆ, ಏಕೆಂದರೆ ಅದು ಪಟ್ಟಿಗಳನ್ನು ದಾಟುತ್ತಿಲ್ಲ. ಅಡ್ಡ ಹಾಯುವುದು ಬೇಗ ಸಿಗುತ್ತದೆ. ಇದಿಷ್ಟು ತಲೆಯಲ್ಲಿದ್ದರೆ ಕಟ್ಟುವ ಜಾಗದ ನಿಯಮಗಳನ್ನು ಯಾರೂ ಹೇಳಿಕೊಡಬೇಕಿಲ್ಲ: ಉದಯಾಸ್ತದ ಸೂರ್ಯನಿಗೆ ಮುಖ ಮಾಡಬೇಡಿ, ಮುಂದಿನ ಹುಲ್ಲು ಎಲೆ ಸರಿಸಿ, ದಾರಿಗೆ ಸ್ವಲ್ಪ ಓರೆಯಾಗಿ ಇಡಿ, ಅಲುಗಾಡುವ ತೆಳು ಗಿಡಕ್ಕೆ ಕಟ್ಟಬೇಡಿ.

ಮೆಗಾಪಿಕ್ಸೆಲ್ಲಿನ ವಿಷಯವನ್ನು ಮುಗಿಸಿಬಿಡುತ್ತೇನೆ. ಡಬ್ಬಿಯ ಮೇಲೆ ಬರೆದ ದೊಡ್ಡ ಅಂಕಿಯಲ್ಲಿ ಸೆನ್ಸರ್ ನಿಜವಾಗಿ ಹಿಡಿಯುವುದು ಎಷ್ಟೋ ಮಾದರಿಗಳಲ್ಲಿ ಒಂದು ಸಣ್ಣ ಪಾಲು. ಉಳಿದ ಚುಕ್ಕೆಗಳನ್ನು ಯಂತ್ರವು ಅಕ್ಕಪಕ್ಕದ ಚುಕ್ಕೆಗಳನ್ನು ನೋಡಿ ಊಹಿಸಿ ತುಂಬುತ್ತದೆ. ಆ ಊಹೆಯಲ್ಲಿ ಹೊಸ ವಿವರವೇನೂ ಇರುವುದಿಲ್ಲ. ಕಡತ ಊದಿಕೊಳ್ಳುತ್ತದೆ, ಕಾರ್ಡ್ ಬೇಗ ತುಂಬುತ್ತದೆ, ಒಂದು ಚಿತ್ರವನ್ನು ಬರೆದು ಮುಗಿಸಿ ಇನ್ನೊಂದಕ್ಕೆ ಸಿದ್ಧವಾಗುವ ಹೊತ್ತು ಹೆಚ್ಚುತ್ತದೆ. ಆ ಹೊತ್ತಿನಲ್ಲೇ ತಾಯಿಯ ಹಿಂದಿನ ಮರಿ ದಾಟಿಹೋಗಿರುತ್ತದೆ. ಕೇಳುವುದಿದ್ದರೆ ಎರಡು ಅಂಕಿಗಳನ್ನು ಕೇಳಿ: ಶಾಖ ಕಂಡ ಮೇಲೆ ಮೊದಲ ಚಿತ್ರಕ್ಕೆ ಎಷ್ಟು ಹೊತ್ತು, ಮೊದಲನೆಯದರಿಂದ ಎರಡನೆಯದಕ್ಕೆ ಎಷ್ಟು ಹೊತ್ತು. ನೀರಿನ ಹೊಂಡದ ಬಳಿ ಒಂದು ಸೆಕೆಂಡ್ ತಡವಾದರೂ ನಡೆಯುತ್ತದೆ, ಪ್ರಾಣಿ ನಿಂತು ಕುಡಿಯುತ್ತದೆ. ಕಾಲುದಾರಿಯಲ್ಲಿ ಅರ್ಧ ಸೆಕೆಂಡ್ ತಡವಾದರೆ ಬಾಲ ಮಾತ್ರ.

ಇಲ್ಲಿಯವರೆಗೆ ನೀವು ಕೇಳಿದ್ದು. ಇನ್ನು, ಯಾರೂ ಕೇಳದ, ನಾನು ಕಾಯುತ್ತಲೇ ಇರುವ ಪ್ರಶ್ನೆಯೊಂದಿದೆ: ‘ಕ್ಯಾಮೆರಾ ಅಲ್ಲಿರುವುದು ಪ್ರಾಣಿಗೆ ಗೊತ್ತಾಗುತ್ತದೆಯೇ?’

ಹಿಂದಿನವರಿಗೆ ಇದರಲ್ಲಿ ಅನುಮಾನವಿರಲಿಲ್ಲ. ಅಮೆರಿಕದ ಜಾರ್ಜ್ ಶಿರಾಸ್ 1890ರ ದಶಕದಲ್ಲಿ ದಾರಿಗೆ ಅಡ್ಡ ತಂತಿ ಎಳೆದು, ಜಿಂಕೆ ಅದನ್ನು ಎಡವಿದಾಗ ಫ್ಲ್ಯಾಶ್ ಪುಡಿ ಸಿಡಿಯುವಂತೆ ಮಾಡುತ್ತಿದ್ದರು. ಅವರ ಚಿತ್ರಗಳು 1906ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಬಂದಾಗ ರಾತ್ರಿಯ ಕಾಡು ಹೇಗಿರುತ್ತದೆ ಎಂದು ಓದುಗರು ಮೊದಲ ಸಲ ಕಂಡರು. 1920ರ ದಶಕದಲ್ಲಿ ಉತ್ತರ ಭಾರತದ ಕಾಡುಗಳಲ್ಲಿ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ ಇದೇ ಉಪಾಯದಿಂದ ಹುಲಿಯ ಚಿತ್ರ ತೆಗೆದರು. ಮುಖದೆದುರು ಬೆಂಕಿ ಸಿಡಿದ ಹುಲಿ ಏನೂ ತಿಳಿಯದೆ ಹೋಗಿರುತ್ತದೆ ಎಂದು ಅವರು ಅಂದುಕೊಂಡಿರಲು ಸಾಧ್ಯವೇ ಇಲ್ಲ. ಹಾಗೆ ಅಂದುಕೊಳ್ಳುವವರು ನಾವು. ನಮ್ಮ ಕ್ಯಾಮೆರಾ ಅತಿಗೆಂಪು ಬೆಳಕು ಚೆಲ್ಲುತ್ತದೆ, ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಯಾರ ಕಣ್ಣಿಗೂ ಕಾಣುವುದಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದೇವೆ.

ಈ ಅತಿಗೆಂಪು ದೀಪಗಳನ್ನು ಬೆಳಕಿನ ಅಲೆಯುದ್ದದಿಂದ ಗುರುತಿಸುತ್ತಾರೆ. 850 ನ್ಯಾನೋಮೀಟರಿನ ದೀಪ ದೂರದವರೆಗೆ ಬೆಳಗುತ್ತದೆ, ಆದರೆ ನೇರ ನೋಡಿದರೆ ಮನುಷ್ಯನಿಗೂ ಮಸುಕು ಕೆಂಪು ಕಾಣುತ್ತದೆ. 940 ನ್ಯಾನೋಮೀಟರಿನದು ನಮಗೆ ಕಾಣುವುದಿಲ್ಲ, ಅಷ್ಟು ದೂರ ಹೋಗುವುದೂ ಇಲ್ಲ, ಚಿತ್ರ ಒರಟಾಗಿ ಬರುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು ಹಲವು ಮಾದರಿಗಳನ್ನು ಪರೀಕ್ಷಿಸಿ 2014ರಲ್ಲಿ ಬರೆದದ್ದು ಹೀಗಿದೆ: ಈ ಕ್ಯಾಮೆರಾಗಳು ಹೊರಡಿಸುವ ಸದ್ದು ಎಷ್ಟೋ ಸಸ್ತನಿಗಳ ಕಿವಿಗೆ ನಿಲುಕುವಂಥದ್ದು, ನಮಗೆ ಕೇಳದ ಎತ್ತರದ ಸದ್ದೂ ಅದರಲ್ಲಿದೆ, ಬೆಳಕೂ ಎಷ್ಟೋ ಪ್ರಾಣಿಗಳಿಗೆ ಕಾಣುವಂಥದ್ದು. ಇದನ್ನು ಓದುವ ಹೊತ್ತಿಗೆ ನನಗೆ ಅದು ಹೊಸ ಸುದ್ದಿಯಾಗಿರಲಿಲ್ಲ.

ಒಂದು ಹೊಳೆಯ ದಂಡೆಯಲ್ಲಿ ಬೇರುಗಳ ಸಂದಿಯಲ್ಲಿ ನೀರುನಾಯಿಯ ಬಿಲ ಕಂಡಿತ್ತು. ಕಲ್ಲಿನ ಮೇಲೆ ಮೀನಿನ ಚಿಪ್ಪು ತುಂಬಿದ ಹಿಕ್ಕೆ, ಕೆಸರಿನಲ್ಲಿ ಚಿಕ್ಕ ಹೆಜ್ಜೆಗಳು. ಮರಿಗಳಿವೆ ಎಂದು ಗೊತ್ತಾದ ಕೂಡಲೇ ಮನಸ್ಸು ತಡೆಯಲಿಲ್ಲ. ಬಿಲದ ಬಾಯಿಗೆ ಎರಡೂವರೆ ಮೀಟರ್ ದೂರದಲ್ಲಿ 850ರ ಕ್ಯಾಮೆರಾ ಕಟ್ಟಿದೆ, ವಿಡಿಯೊಗೆ ಹೊಂದಿಸಿದೆ. ಮೊದಲ ರಾತ್ರಿ ತಾಯಿ ನೀರಿನಿಂದ ಮೇಲೆ ಬಂದಳು, ಮೈ ಕೊಡವಿದಳು, ನಡುವೆ ನಿಂತು ನೇರ ಲೆನ್ಸಿನ ಕಡೆ ನೋಡಿದಳು. ಎಂಟು ಸೆಕೆಂಡ್. ಎರಡನೆಯ ರಾತ್ರಿ ಬಂದು ನೋಡಿ ನೀರಿಗೆ ಮರಳಿದಳು, ಮತ್ತೆ ಬಂದಳು, ಮತ್ತೆ ಮರಳಿದಳು. ಮೂರನೆಯ ರಾತ್ರಿ ಕ್ಯಾಮೆರಾದ ಹತ್ತಿರ ಬಂದು ಮೂಸಿದಳು. ಇಡೀ ಪರದೆಯ ತುಂಬ ಮೀಸೆ. ನಾಲ್ಕನೆಯ ರಾತ್ರಿ ಕುತ್ತಿಗೆಯ ಚರ್ಮ ಕಚ್ಚಿ ಒಂದು ಮರಿಯನ್ನು ಹೊರಗೆ ತಂದಳು. ಇಪ್ಪತ್ತು ನಿಮಿಷದ ಮೇಲೆ ಇನ್ನೊಂದನ್ನು. ಆಮೇಲಿನ ಹನ್ನೆರಡು ದಿನ ಒಂದು ಕಪ್ಪೆ, ಒಂದು ಮುಂಗುಸಿ, ಖಾಲಿ ಬಿಲ.

ನೀರುನಾಯಿಗಳು ಮರಿಗಳ ಜಾಗ ಬದಲಿಸುವುದು ಸಹಜವೇ. ಕ್ಯಾಮೆರಾವೇ ಕಾರಣ ಎಂದು ನಾನು ಸಾಬೀತು ಮಾಡಲಾರೆ. ಕಾರಣವಲ್ಲ ಎಂದೂ ಸಾಬೀತು ಮಾಡಲಾರೆ, ಮತ್ತು ಆ ಎಂಟು ಸೆಕೆಂಡುಗಳನ್ನು ನಾನು ನೋಡಿದ್ದೇನೆ. ಆ ವಿಡಿಯೊವನ್ನು ಕೆಲವರಿಗೆ ತೋರಿಸಿದೆ. ಮರಿ ಕಚ್ಚಿಕೊಂಡು ಹೋಗುವ ದೃಶ್ಯ ಕಂಡು ಎಲ್ಲರೂ ‘ಅಬ್ಬಾ!’ ಎಂದರು. ಆಮೇಲೆ ಕೇಳಿದ್ದು, ‘ಯಾವ ಕ್ಯಾಮೆರಾ?’ ನನ್ನ ಸಿಟ್ಟಿನ ಮೂಲ ಅಲ್ಲಿದೆ. ಒಬ್ಬರಾದರೂ ‘ಅವಳು ಏಕೆ ಹಾಗೆ ನೋಡಿದಳು?’ ಎಂದು ಕೇಳಿದ್ದರೆ ಕುಳಿತು ಇಡೀ ರಾತ್ರಿ ಮಾತನಾಡುತ್ತಿದ್ದೆ.

ಅಂದಿನಿಂದ ಗೂಡು, ಬಿಲ, ಮರಿಯಿರುವ ಪೊದೆ, ಇವುಗಳ ಮುಂದೆ ಕಟ್ಟುವುದಿಲ್ಲ. ಯಾರು ಕರೆದರೂ ಹೋಗುವುದಿಲ್ಲ. ಆಹಾರ ಇಟ್ಟು ಕರೆಸುವುದಿಲ್ಲ. ಪ್ರಾಣಿಗೆ ಬೇರೆ ದಾರಿ ಹಿಡಿಯಲು ಜಾಗವಿರುವ ಕಡೆ, ದೂರದಲ್ಲಿ, 940ರದ್ದನ್ನು ಕಟ್ಟುತ್ತೇನೆ. ಚಿತ್ರ ಒರಟಾದರೆ ಆಗಲಿ. ಒಂದೇ ಪ್ರಾಣಿ ಎರಡು ಸಲ ನಿಂತು ದಿಟ್ಟಿಸಿದರೆ ಅಲ್ಲಿಂದ ಬಿಚ್ಚುತ್ತೇನೆ. ಸಂರಕ್ಷಿತ ಅರಣ್ಯಕ್ಕೆ ಅನುಮತಿಯಿಲ್ಲದೆ ಕಾಲಿಡುವುದಿಲ್ಲ, ಬೇರೆಯವರ ಜಾಗವಾದರೆ ಒಡೆಯರನ್ನು ಕೇಳುತ್ತೇನೆ. ದಾರಿಯಲ್ಲಿ ಹಾದ ಮನುಷ್ಯರ ಚಿತ್ರಗಳನ್ನು ಯಾರಿಗೂ ತೋರಿಸದೆ ಅಳಿಸುತ್ತೇನೆ. ಇನ್ನೊಂದು ಮಾತು: ಚಿತ್ರ ಹಂಚುವಾಗ ಅದರೊಳಗೆ ಅಡಗಿರುವ ಸ್ಥಳದ ಮಾಹಿತಿಯನ್ನು ತೆಗೆಯಿರಿ. ಹಿನ್ನೆಲೆಯಲ್ಲಿ ಗುರುತು ಸಿಗುವ ಬಂಡೆಯೋ ಸೇತುವೆಯೋ ಇದ್ದರೆ ಹಂಚಲೇಬೇಡಿ. ಚಿತ್ರ ಮೆಚ್ಚುವವರು ಮಾತ್ರ ನೋಡುತ್ತಾರೆ ಎಂದುಕೊಳ್ಳಬೇಡಿ, ಉರುಳು ಹಾಕುವವರೂ ನೋಡುತ್ತಾರೆ.

ಸರಿ, ಇಷ್ಟು ಓದಿದವರಿಗೆ ಉತ್ತರ ಕೊಡದೆ ಕಳುಹಿಸುವುದು ನ್ಯಾಯವಲ್ಲ. ಮೊದಲ ಚಿತ್ರಕ್ಕೆ ಅರ್ಧ ಸೆಕೆಂಡಿಗಿಂತ ಕಡಿಮೆ ಹೊತ್ತು ಹಿಡಿಯುವ, 940ರ ದೀಪವಿರುವ, ಎಲ್ಲಾದರೂ ಸಿಗುವ ಎಎ ಸೆಲ್ಲುಗಳಿಂದ ನಡೆಯುವ, ಒಳಗೆ ಪುಟ್ಟ ಪರದೆಯಿರುವ ಯಾವುದೇ ಮಧ್ಯಮ ದರ್ಜೆಯ ಕ್ಯಾಮೆರಾ ಸಾಕು. ಸಾಧಾರಣ ಆಲ್ಕಲೈನ್ ಸೆಲ್ಲಿನ ಶಕ್ತಿ ದಿನದಿನಕ್ಕೆ ಇಳಿಯುತ್ತದೆ, ಅದರೊಂದಿಗೆ ರಾತ್ರಿಯ ದೀಪವೂ ಮಂಕಾಗುತ್ತದೆ. ಲಿಥಿಯಂ ಸೆಲ್ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ, ಚಳಿಯಲ್ಲೂ ಸೋಲುವುದಿಲ್ಲ. ಹಳೆಯದು ಹೊಸದು ಬೆರೆಸಬೇಡಿ. ಕಾರ್ಡನ್ನು ಕ್ಯಾಮೆರಾದೊಳಗೇ ಫಾರ್ಮ್ಯಾಟ್ ಮಾಡಿ. ಸೆಲ್ ಬದಲಿಸಿದಾಗಲೆಲ್ಲ ದಿನಾಂಕ, ಗಂಟೆ ನೋಡಿ. ಆ ಪುನುಗಿನ ಬಾಲವನ್ನು ನೆನಪಿಟ್ಟುಕೊಳ್ಳಿ. ಉಳಿಸಿದ ಹಣದಲ್ಲಿ ಮೆಗಾಪಿಕ್ಸೆಲ್ ಕೊಳ್ಳಬೇಡಿ, ಎರಡನೆಯ ಕ್ಯಾಮೆರಾ ಕೊಳ್ಳಿ.

ಕಟ್ಟುವ ಮೊದಲು ಎರಡು ವಾರ ಬರಿಗೈಯಲ್ಲಿ ಓಡಾಡಿ. ಹೆಜ್ಜೆ, ಹಿಕ್ಕೆ, ಮರದ ತೊಗಟೆಯ ಗೀರು, ಬೇಲಿಯಡಿ ನುಸುಳಿದ ಜಾಗದಲ್ಲಿ ಸಿಕ್ಕಿಕೊಂಡ ಕೂದಲು ನೋಡಿ. ಪ್ರಾಣಿಯ ಭುಜದ ಎತ್ತರಕ್ಕೆ ಕಟ್ಟಿ. ಮನುಷ್ಯನ ಕಣ್ಣಿನ ಎತ್ತರಕ್ಕಲ್ಲ. ಮೊಣಕಾಲಿನ ಮಟ್ಟ ಬಹುಪಾಲು ಪ್ರಾಣಿಗಳಿಗೆ ಆಗಿಬರುತ್ತದೆ. ಕಟ್ಟಿದ ಮೇಲೆ ಪರೀಕ್ಷೆಯ ಗುಂಡಿ ಒತ್ತಿ, ನಾಲ್ಕು ಕಾಲಿನ ಮೇಲೆ ಅದರ ಮುಂದೆ ತೆವಳಿ. ಹೌದು, ನೀವೇ, ಕೈ ಮೊಣಕಾಲು ಊರಿ, ಆ ದಾರಿಯಲ್ಲಿ. ನಾನು ಪ್ರತಿ ಸಲವೂ ಮಾಡುತ್ತೇನೆ. ನೀವು ಸೆನ್ಸರಿಗೆ ಸಿಕ್ಕಾಗ ಕ್ಯಾಮೆರಾದ ಪುಟ್ಟ ಸೂಚಕ ದೀಪ ಮಿನುಗುತ್ತದೆ. ಅದು ಎಲ್ಲಿ ಮಿನುಗುತ್ತದೆ, ಎಲ್ಲಿ ಮಿನುಗುವುದಿಲ್ಲ ಎಂಬುದು ಹಾಗೆ ಮಾತ್ರ ಗೊತ್ತಾಗುತ್ತದೆ. ಆಮೇಲೆ ಮುಚ್ಚಳ ಹಾಕಿ ಹೊರಡಿ, ಮೂರು ವಾರ ಆ ಕಡೆ ಸುಳಿಯಬೇಡಿ.